ಭಾವಗೀತೆಯ ಸದ್ದು ದೊಡ್ಡದಾದ ಬಗೆ

ಕೆ.ಆರ್. ನಗರದಿಂದ ಹೊಳೆನರಸೀಪುರದ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುವ ಭೇರ್ಯದಂಥ ಊರುಗಳಲ್ಲಿ ವರ್ಷದಲ್ಲಿ ಎರಡು ಬಗೆಯ ಹಾಡು ಕೇಳಲು ಸಿಗುತ್ತದೆ. ಶ್ರಾವಣದ ಶನಿವಾರಗಳಂದು ದೇವಸ್ಥಾನದ ಜಗುಲಿಯ ಮೇಲೆ ಭಜನೆ. ಅಲ್ಲಿ ಇರುವುದು ಒಂದು ಹಾರ್ಮೋನಿಯಂ, ಒಂದು ತಬಲ, ನಾಲ್ಕೈದು ಜೊತೆ ತಾಳ. ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ಹಿಂದಿನಿಂದ ಹೇಳುತ್ತಾರೆ. ಅದಾಗಿ ಕೆಲವೇ ವಾರಗಳಿಗೆ ಗಣೇಶನ ಹಬ್ಬ. ಆಗ ಶಾಮಿಯಾನದ ಮುಂದೆ ಆರ್ಕೆಸ್ಟ್ರಾ. ಕೀಬೋರ್ಡು, ಗಿಟಾರು, ಡ್ರಮ್ಸು, ಆಳೆತ್ತರದ ಸೌಂಡ್ ಬಾಕ್ಸು. ಹಾಡುವವರು ವೇದಿಕೆಯ ಮೇಲೆ, ಕೇಳುವವರು ಕೆಳಗೆ. ಮರುದಿನ ಬೆಳಿಗ್ಗೆ ಅರಳಿಕಟ್ಟೆಯ ಮೇಲೆ ಹಿರಿಯರ ತೀರ್ಪು ಸಾಮಾನ್ಯವಾಗಿ ಒಂದೇ: ‘ಸದ್ದು ಜಾಸ್ತಿ, ಹಾಡು ಕಮ್ಮಿ.’

ಈ ತೀರ್ಪು ಹೊಸದೇನಲ್ಲ. ಹಾಡಿನ ಸದ್ದು ದೊಡ್ಡದಾದಾಗಲೆಲ್ಲ, ಭಾವ ಹೊರಟುಹೋಯಿತು ಎಂಬ ದೂರು ಕೇಳಿಬಂದಿದೆ. ‘ಭಾವ’ವನ್ನು ಹೆಸರಿನಲ್ಲೇ ಇಟ್ಟುಕೊಂಡಿರುವ ನಮ್ಮ ಭಾವಗೀತೆಯ ಮಟ್ಟಿಗಂತೂ ಈ ದೂರು ಇನ್ನೂ ಗಂಭೀರ. ಒಂದು ದನಿ, ಒಂದು ಪೆಟ್ಟಿಗೆ ಎಂದು ಹೊರಟ ಈ ಹಾಡು ಅರಮನೆ ಮೈದಾನದ ವಾದ್ಯವೃಂದಕ್ಕೆ, ಅಲ್ಲಿಂದ ರಾಕ್ ತಂಡದ ವಿದ್ಯುತ್ ಗಿಟಾರಿಗೆ ಬಂದು ಮುಟ್ಟಿದ್ದು ಹೇಗೆ? ಆ ದಾರಿಯಲ್ಲಿ ಕಳೆದದ್ದೇನು, ಉಳಿದದ್ದೇನು?

ಪೆಟ್ಟಿಗೆಯ ಮೇಲೂ ಆರೋಪವಿತ್ತು

ಹಳೆಯ ಮೈಸೂರು ಸೀಮೆಯಲ್ಲಿ ಕಾವ್ಯವನ್ನು ದನಿಯೆತ್ತಿ ಓದುವ ಪದ್ಧತಿ ಗಮಕ. ಕುಮಾರವ್ಯಾಸನನ್ನೋ ಲಕ್ಷ್ಮೀಶನನ್ನೋ ಓದುವ ಗಮಕಿಗೆ ಶ್ರುತಿಯೊಂದಿದ್ದರೆ ಸಾಕು. ತಾಳದ ಕಟ್ಟಿಲ್ಲ. ಪದದ ಅರ್ಥ ಬೇಡಿದಷ್ಟು ಹೊತ್ತು ನಿಲ್ಲಬಹುದು, ಬೇಕಾದ ಸಾಲನ್ನು ಮತ್ತೆ ಎತ್ತಿಕೊಳ್ಳಬಹುದು. ರಾಗ ಇಲ್ಲಿ ಮಾತಿನ ಬೆನ್ನ ಹಿಂದೆ ನಡೆಯುತ್ತದೆ. ಬಿ.ಎಂ.ಶ್ರೀ ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಬಂದ ಮೇಲೆ ಕನ್ನಡದಲ್ಲಿ ಹೊಸ ಬಗೆಯ ಕಿರುಗವಿತೆ ಬೆಳೆಯಿತು. ಒಬ್ಬನ ಒಂದು ಕ್ಷಣದ ಸುಖದುಃಖವನ್ನು ಹೇಳುವ ಈ ಕವಿತೆಗೆ ಗಮಕದ ನಿಧಾನ ಹೊಂದಲಿಲ್ಲ, ಕಛೇರಿಯ ಸ್ವರವಿಸ್ತಾರವೂ ಹೊಂದಲಿಲ್ಲ. ಮೂರನೆಯದೊಂದು ದಾರಿ ಬೇಕಾಯಿತು. ಅದೇ ಮುಂದೆ ಸುಗಮ ಸಂಗೀತ ಎನಿಸಿಕೊಂಡಿತು.

ಈ ದಾರಿಯಲ್ಲಿ ಮೊದಲು ಹೆಜ್ಜೆ ಮೂಡಿಸಿದವರು ಪಾಂಡೇಶ್ವರ ಕಾಳಿಂಗರಾವ್ (1914-1981). ಮೋಹನಕುಮಾರಿ, ಸೋಹನಕುಮಾರಿಯವರ ದನಿಯನ್ನು ಜೊತೆಗಿಟ್ಟುಕೊಂಡು ಕುವೆಂಪು, ಬೇಂದ್ರೆ ಮೊದಲಾದವರ ಕವಿತೆಗಳನ್ನೂ ಜನಪದ ಗೀತೆಗಳನ್ನೂ ಅವರು ಊರೂರಿಗೆ ಒಯ್ದರು. ಪುಸ್ತಕ ಕೊಳ್ಳದವರ ಕಿವಿಗೂ ಹೊಸಗನ್ನಡ ಕವಿತೆ ಬಿದ್ದದ್ದು ಹೀಗೆ. ಇನ್ನೊಂದು ಕಡೆಯಿಂದ ರೇಡಿಯೋ ನೆರವಿಗೆ ಬಂತು. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದದ್ದು, ಅದಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶದ ಬಾನುಲಿಯ ಹೆಸರಾದದ್ದು ಗೊತ್ತಿರುವ ಸಂಗತಿ. ಮೈಕಿನ ಮುಂದೆ ಕೂತು ಹಾಡುವವನು ದನಿಯೆತ್ತಿ ಕೂಗಬೇಕಿಲ್ಲ. ಪಿಸುಮಾತಿನಷ್ಟು ಮೆಲ್ಲಗೆ ಹಾಡಿದರೂ ದೂರದ ಮನೆಯೊಳಗೆ ಕೇಳಿಸುತ್ತದೆ. ಭಾವಗೀತೆಗೆ ಇದಕ್ಕಿಂತ ಅನುಕೂಲವಾದ ಯಂತ್ರ ಇನ್ನೊಂದಿರಲಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಇಂದು ನಾವು ಹಳೆಯ, ಸರಳ, ಶುದ್ಧ ಹಾಡಿನ ಗುರುತೆಂದು ನೆನೆಯುವ ಹಾರ್ಮೋನಿಯಂ ಪೆಟ್ಟಿಗೆಯನ್ನು ಆಲ್ ಇಂಡಿಯಾ ರೇಡಿಯೋ 1940ರ ಮಾರ್ಚ್‌ನಲ್ಲಿ ತನ್ನ ಕೇಂದ್ರಗಳಿಂದ ಹೊರಗಿಟ್ಟಿತು. ಈ ನಿಷೇಧ ಸಡಿಲಗೊಳ್ಳತೊಡಗಿದ್ದು 1971ರಲ್ಲಿ. ಕಾರಣ ಸಂಗೀತದ್ದೇ. ಪೆಟ್ಟಿಗೆಯ ಮನೆಗಳು ಸ್ಥಿರ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕವನ್ನು ಅದು ನುಡಿಸಲಾರದು, ನಮ್ಮ ಶ್ರುತಿಗಳ ಸೂಕ್ಷ್ಮ ಅದಕ್ಕೆ ಎಟುಕದು ಎಂದು ವಿದ್ವಾಂಸರು ವಾದಿಸಿದರು. ರವೀಂದ್ರನಾಥ ಠಾಕೂರರೂ ಆ ಪಕ್ಷದವರೇ. ಎಂದರೆ, ನಮಗೆ ಸರಳತೆಯ ಗುರುತಾದ ವಾದ್ಯವೇ ಆ ತಲೆಮಾರಿಗೆ ಸಂಗೀತವನ್ನು ಕೆಡಿಸಲು ಬಂದ ಪರದೇಶಿ ಯಂತ್ರವಾಗಿತ್ತು!

ಸದ್ದು ಹೆಚ್ಚಿಸುವ ಹಂಬಲ ಸಿನಿಮಾದಿಂದ ಬಂದ ಚಟವೆಂದೂ ಹೇಳುವಂತಿಲ್ಲ. ನಮ್ಮದೇ ಜಿಲ್ಲೆಯ ತಿರುಮಕೂಡಲಿನ ಟಿ. ಚೌಡಯ್ಯನವರು (1895-1967) ಏಳು ತಂತಿಯ ಪಿಟೀಲು ಮಾಡಿಸಿಕೊಂಡದ್ದು ಏಕೆ? ಮೈಕಿಲ್ಲದ ಕಾಲದ ದೊಡ್ಡ ಸಭೆಗಳಲ್ಲಿ ನಾಲ್ಕು ತಂತಿಯ ನಾದ ಕೊನೆಯ ಸಾಲಿನವರಿಗೆ ಮುಟ್ಟುತ್ತಿರಲಿಲ್ಲ. ಅವರು ತಂತಿ ಹೆಚ್ಚಿಸಿ ನಾದಕ್ಕೆ ತೂಕ ತಂದರು. ಅದಕ್ಕೂ ಟೀಕೆ ಬಂತು. ಇಂದು ಬೆಂಗಳೂರಿನಲ್ಲಿ ಅವರ ನೆನಪಿನ ಸಭಾಂಗಣವೇ ಪಿಟೀಲಿನ ಆಕಾರದಲ್ಲಿ ನಿಂತಿದೆ.

ಅನಂತಸ್ವಾಮಿ ಮತ್ತು ಅಶ್ವಥ್

ಕಾಳಿಂಗರಾಯರ ನಂತರದ ಭಾವಗೀತೆಯ ಕಥೆ ಬಹುಮಟ್ಟಿಗೆ ಇಬ್ಬರ ಕಥೆ. ಒಬ್ಬರು ಮೈಸೂರು ಅನಂತಸ್ವಾಮಿ (1936-1995). ಅವರ ಹಾಡಿನ ಕೇಂದ್ರ ಹಾರ್ಮೋನಿಯಂ ಮತ್ತು ಕಂಠ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಅವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿ ಎಂದು ಅದಕ್ಕೆ ಹೆಸರು. ಅವರ ಧಾಟಿಗಳು ಒಮ್ಮೆ ಕೇಳಿದರೆ ಬಾಯಿಗೆ ಹತ್ತುವಂಥವು.

ಇನ್ನೊಬ್ಬರು ಹಾಸನ ಜಿಲ್ಲೆ ಚನ್ನರಾಯಪಟ್ಟಣದಲ್ಲಿ 1939ರ ಡಿಸೆಂಬರ್ 29ರಂದು ಹುಟ್ಟಿದ ಸಿ. ಅಶ್ವಥ್. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ, ದೇವಗಿರಿ ಶಂಕರ ಜೋಶಿಯವರಲ್ಲಿ ಹಿಂದೂಸ್ತಾನಿ ಪಾಠ, ಸಂಜೆ ನಾಟಕ ತಂಡಗಳಿಗೆ ಸಂಗೀತ. ಅವರು ಸಂಗೀತ ನೀಡಿದ ಮೊದಲ ಸಿನಿಮಾ ನಮ್ಮ ಎಚ್.ಡಿ. ಕೋಟೆಯ ಕಾಡಿನ ಕಥೆ ಎಂಬುದನ್ನು ಈ ಭಾಗದವರು ನೆನಪಿಡಬೇಕು. ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ಸಿ.ಆರ್. ಸಿಂಹ ಮೊದಲು ರಂಗಕ್ಕೂ ಆಮೇಲೆ ತೆರೆಗೂ ತಂದರು. 1977ರ ಆ ಚಿತ್ರಕ್ಕೆ ಅಶ್ವಥ್ ಕಾಡುಕುರುಬರ ಕುಣಿತದ ಲಯವನ್ನು ಹಿಡಿಯಬೇಕಾಯಿತು. ಮೆಲುದನಿಯ ಭಾವಗೀತೆಗಿಂತ ಬೇರೆಯಾದ, ಎದೆಗೆ ಬಡಿಯುವ ಸದ್ದಿನ ರುಚಿ ಅವರಿಗೆ ರಂಗಭೂಮಿಯಿಂದಲೇ ಹತ್ತಿತ್ತು ಎನ್ನಬಹುದು.

ವಾದ್ಯವೃಂದವನ್ನು ದುಡಿಸಿಕೊಳ್ಳುವ ಕಲೆ ಅವರಿಗೆ ಕೈಗೂಡಿದ್ದು ಎಲ್. ವೈದ್ಯನಾಥನ್ ಅವರ ಸಹವಾಸದಲ್ಲಿ. ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಸಂಗೀತದಿಂದ ಮನೆಮಾತಾದ ವೈದ್ಯನಾಥನ್, ಪಿಟೀಲು ವಾದಕರ ಮನೆತನದಿಂದ ಬಂದವರು. ‘ಅಶ್ವಥ್-ವೈದಿ’ ಎಂಬ ಜೋಡಿ ಹೆಸರಿನಲ್ಲಿ ಇಬ್ಬರೂ ‘ನಾರದ ವಿಜಯ’, ‘ಆಲೆಮನೆ’ ಮೊದಲಾದ ಚಿತ್ರಗಳಿಗೆ ಸಂಗೀತ ಕೊಟ್ಟರು. ಧಾಟಿ ಒಂದು ಕೆಲಸ, ಅದರ ಸುತ್ತ ಪಿಟೀಲುಗಳ ಸಾಲು, ಕೊಳಲು, ಗಿಟಾರು, ತಾಳವಾದ್ಯಗಳನ್ನು ಹೊಂದಿಸುವುದು ಇನ್ನೊಂದು ಕೆಲಸ. ಈ ಎರಡನೆಯದನ್ನು ಅಶ್ವಥ್ ಭಾವಗೀತೆಗೆ ತಂದರು.

ಇದರಿಂದ ಹಾಡಿನ ಒಳಗೇ ಒಂದು ಬದಲಾವಣೆಯಾಯಿತು. ಪೆಟ್ಟಿಗೆ, ತಬಲ ಮಾತ್ರ ಇದ್ದಾಗ ಹಾಡುಗಾರ ತನ್ನ ಯಜಮಾನ. ಒಂದು ಸಾಲು ಹಿಡಿಸಿತೆಂದರೆ ಮೂರು ಸಲ ಹೇಳಬಹುದು, ಪಕ್ಕವಾದ್ಯದವರು ಕಣ್ಣು ನೋಡಿಕೊಂಡು ಹಿಂಬಾಲಿಸುತ್ತಾರೆ. ಇಪ್ಪತ್ತು ಮೂವತ್ತು ಜನರ ವಾದ್ಯವೃಂದದಲ್ಲಿ ಇದು ನಡೆಯದು. ಪಲ್ಲವಿ ಎಷ್ಟು ಆವರ್ತ, ನಡುವಿನ ವಾದ್ಯಸಂಗೀತ ಎಷ್ಟು, ಚರಣ ಎಲ್ಲಿ ಏಳಬೇಕು ಎಂಬುದೆಲ್ಲ ಮೊದಲೇ ಗೊತ್ತಾಗಿರಬೇಕು. ಹಾಡುಗಾರನ ಸ್ವಾತಂತ್ರ್ಯದ ಒಂದು ಪಾಲು ಸಂಯೋಜಕನಿಗೆ ಹೋಯಿತು. ಬದಲಿಗೆ ಸಿಕ್ಕಿದ್ದು ಏರಿಳಿತದ ನಾಟಕೀಯತೆ. ಅಶ್ವಥ್ ಕಂಠವಂತೂ ಅದಕ್ಕೆಂದೇ ಹುಟ್ಟಿದ್ದು. ಕೆಳಗಿನ ಸ್ಥಾಯಿಯಲ್ಲಿ ಆರಂಭವಾಗಿ ಮೇಲಕ್ಕೆ ಚಿಮ್ಮುವ ಅವರ ದನಿಯನ್ನು ಕೇಳಿದವರು ಮರೆಯಲಾರರು. ಇದು ಕವಿತೆಯನ್ನು ಹಾಡುವುದೋ ಅಥವಾ ಅಭಿನಯಿಸುವುದೋ ಎಂದು ಮೂಗೆಳೆದವರೂ ಇದ್ದರು.

ಪಕ್ಕದ ಕಿಕ್ಕೇರಿಯ ಕವಿ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ (1942) ಧ್ವನಿಸುರುಳಿಯಾಗಿ ಮನೆಮನೆಗೆ ಹೋದದ್ದು ಅಶ್ವಥ್ ಸಂಗೀತದಲ್ಲಿ. ಸಂತ ಶಿಶುನಾಳ ಶರೀಫರ (1819-1889) ತತ್ವಪದಗಳನ್ನು ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಮುಂದೆ ತಂದಿಟ್ಟಾಗ ಅವಕ್ಕೆ ರಾಗ ಕೊಟ್ಟವರೂ ಇವರೇ. ಶಿವಮೊಗ್ಗ ಸುಬ್ಬಣ್ಣನವರ ಕಂಠವೂ ಈ ಹಾಡುಗಳಿಗೆ ಒದಗಿತು. ಉತ್ತರ ಕರ್ನಾಟಕದ ಭಜನೆಯ ಮೇಳಗಳಲ್ಲಿ ಏಕತಾರಿ, ದಮ್ಮಡಿ, ತಾಳಗಳೊಂದಿಗೆ ಬದುಕಿದ್ದ ಪದಗಳು ಹಾಸನ, ಮೈಸೂರು ಕಡೆಯ ಬಸ್ಸುಗಳಲ್ಲಿ, ಹೋಟೆಲುಗಳಲ್ಲಿ ಕೇಳಿಬಂದವು. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂದ ಮೇಲೆ ಶರೀಫರ ಪದ ಎಂದರೆ ಅಶ್ವಥ್ ದನಿ ಎಂಬಂತಾಯಿತು.

2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’ ಈ ಪಯಣದ ತುದಿ. ಸಿನಿಮಾ ತಾರೆಯರ ಆಕರ್ಷಣೆಗಿಂತ ಕವಿತೆಯ ಆಕರ್ಷಣೆಯನ್ನೇ ನಂಬಿದ ಕಾರ್ಯಕ್ರಮಕ್ಕೆ ಲಕ್ಷದ ಲೆಕ್ಕದಲ್ಲಿ ಜನ ಸೇರಿದ್ದರೆಂಬುದು ಅಂದಿನ ವರದಿ. ಒಂದು ಕೋಣೆಯೊಳಗಿನ ಹಾಡು ಮೈದಾನದ ಹಾಡಾಯಿತು. ಅಲ್ಲಿ ಸೇರಿದವರು ಸುಮ್ಮನೆ ಕೇಳಲಿಲ್ಲ, ಜೊತೆಗೆ ಹಾಡಿದರು. ಈ ಮಾತನ್ನು ಮುಂದಿನ ಚರ್ಚೆಗಾಗಿ ಗಮನದಲ್ಲಿಡಬೇಕು.

ಗಿಟಾರಿನ ದಾರಿ

ಅದೇ 2005ರಲ್ಲಿ ಇನ್ನೊಂದು ಆರಂಭವೂ ಆಯಿತು. ಮೈಸೂರಿನಲ್ಲಿ ಬೆಳೆದ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ ಚಿನ್ನದ ಪದಕ ಪಡೆದ, ಭರತನಾಟ್ಯ ಕಲಿತ ರಘು ದೀಕ್ಷಿತ್ ಎಂಬ ತರುಣ ‘ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡ ಕಟ್ಟಿದರು. ಅವರು ಗಿಟಾರು ಹಿಡಿದದ್ದು ಗೆಳೆಯನೊಬ್ಬ ಒಡ್ಡಿದ ಸವಾಲಿಗಾಗಿ. ಮೊದಲು ಅವರ ಹಾಡು ಒಂಟಿ ಗಿಟಾರಿನದು. ಆಮೇಲೆ ಪಿಟೀಲು ಜೊತೆಗೂಡಿದ ‘ಅಂತರಾಗ್ನಿ’ ತಂಡ. ಅದು ಚದುರಿದ ಮೇಲೆ ಬೇಸ್ ಗಿಟಾರಿನ ಗೌರವ್ ವಾಜ್ ಮತ್ತಿತರರೊಂದಿಗೆ ಹೊಸ ತಂಡ. 2008ರಲ್ಲಿ ವಿಶಾಲ್-ಶೇಖರ್ ಜೋಡಿ ಮುಂದೆ ನಿಂತು ಅವರ ಮೊದಲ ಆಲ್ಬಂ ಹೊರತಂದಿತು. ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಎರಡು ಪದಗಳಿದ್ದವು: ಒಂದು ಗುಡುಗುಡಿಯ ಪದ, ಇನ್ನೊಂದು ಸೋರುವ ಮನೆಯ ಪದ.

ಮರದ ಗಿಟಾರಿಗೆ ತನ್ನದೇ ನಾದಪೆಟ್ಟಿಗೆಯಿದೆ. ಒಂದು ಕೋಣೆಗೆ, ಹೆಚ್ಚೆಂದರೆ ಒಂದು ಅಂಗಳಕ್ಕೆ ಅದು ಸಾಕು. ಆದರೆ ಡ್ರಮ್ಸಿನ ಪಕ್ಕದಲ್ಲಿ ಅದರ ದನಿ ಮುಳುಗಿಹೋಗುತ್ತದೆ. ಆಗ ತಂತಿಯ ಕಂಪನವನ್ನು ವಿದ್ಯುತ್ತಿಗೆ ತಿರುಗಿಸಿ ವರ್ಧಕಕ್ಕೆ ಕೊಡಬೇಕು. ಅದನ್ನು ಮೀರಿ ಕೇಳಿಸಲು ಹಾಡುಗಾರ ಮೇಲಿನ ಸ್ಥಾಯಿಗೆ ಹೋಗುತ್ತಾನೆ. ದನಿ ಮೇಲೇರಿದಂತೆ ಅಕ್ಷರಗಳ ಅಂಚು ಸವೆಯುತ್ತದೆ. ಕನ್ನಡದ ಹ್ರಸ್ವ-ದೀರ್ಘ, ಒತ್ತಕ್ಷರಗಳ ವ್ಯತ್ಯಾಸ ಮಸುಕಾಗುತ್ತದೆ. ಹಿರಿಯರ ‘ಸದ್ದು ಜಾಸ್ತಿ, ಹಾಡು ಕಮ್ಮಿ’ ಎಂಬ ದೂರಿನಲ್ಲಿ ತಿರುಳಿರುವುದು ಇಲ್ಲಿ. ರಾಕ್ ತಂಡಗಳು ಇದಕ್ಕೆ ಕಂಡುಕೊಂಡ ಉಪಾಯ ಚಿಕ್ಕ ಪಲ್ಲವಿ ಮತ್ತು ಅದರ ಪುನರಾವರ್ತನೆ. ಚರಣ ಕೇಳಿಸದಿದ್ದರೂ ಪಲ್ಲವಿ ತಲುಪುತ್ತದೆ.

ಶರೀಫರ ಪದ ಈ ಗುಂಡಿಯಲ್ಲಿ ಬೀಳದೆ ಉಳಿದದ್ದು ಅದರ ಕಟ್ಟಿನಿಂದ. ತತ್ವಪದ ಹುಟ್ಟಿದ್ದೇ ಗುಂಪಿನ ಬಾಯಿಗಾಗಿ. ಒಬ್ಬ ಚರಣ ಹೇಳುತ್ತಾನೆ, ಮೇಳ ಪಲ್ಲವಿ ಎತ್ತುತ್ತದೆ. ಸೋರುವ ಮನೆ, ಸೇದುವ ಗುಡುಗುಡಿ ಇವೆಲ್ಲ ಕಣ್ಣಿಗೆ ಕಟ್ಟುವ ವಸ್ತುಗಳು. ಒಳಗಿನ ಅರ್ಥ ಆಮೇಲೆ ಹೊಳೆದರೂ ನಡೆಯುತ್ತದೆ. ಹೀಗಾಗಿ ದಮ್ಮಡಿಯ ಜಾಗದಲ್ಲಿ ಡ್ರಮ್ಸು ಬಂದರೂ ಒಳಗಿನ ಹಂದರ ಅಲುಗಲಿಲ್ಲ. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಕುಣಿದ ಈ ತಂಡ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆಯನ್ನೂ ಏರಿತು. ರಘು ಅವರ ಸೋದರ ವಾಸು ದೀಕ್ಷಿತ್ ಮುಂದಾಳಾಗಿ ಬೆಳೆಸಿದ ‘ಸ್ವರಾತ್ಮ’ ತಂಡವೂ ಜನಪದ ಮತ್ತು ರಾಕ್ ನಡುವಿನ ಇದೇ ಗಡಿಯಲ್ಲಿ ಹಾಡಿತು.

ಹೊರಗಿನವರ ಅನುಭವ

ಈ ಜಗಳ ನಮ್ಮೊಬ್ಬರದಲ್ಲ. 1965ರ ಜುಲೈನಲ್ಲಿ ಅಮೆರಿಕದ ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಬಾಬ್ ಡಿಲನ್ ಮರದ ಗಿಟಾರನ್ನು ಬಿಟ್ಟು ವಿದ್ಯುತ್ ಗಿಟಾರಿನೊಂದಿಗೆ ಬಂದಾಗ ಸಭಿಕರಲ್ಲಿ ಒಂದು ಭಾಗ ಕೂಗಾಡಿತು. ಅದಾಗಿ ಮೂವತ್ತೈದು ವರ್ಷಗಳ ಮೇಲೆ ಅಲ್ಲಿನ ತರುಣರಲ್ಲಿ ‘ಈಮೋ’ ಎಂಬ ಬಗೆಯ ಹಾಡು ಜನಪ್ರಿಯವಾಯಿತು. ಭಾವೋದ್ವೇಗವನ್ನು ಸೂಚಿಸುವ ಇಂಗ್ಲಿಷ್ ಪದದ ತುಂಡು ಅದು. ಅವರ ಭಾವಗೀತೆ ಎಂದರೆ ತಪ್ಪಾಗದು. ಫ್ಲಾರಿಡಾದ ಕ್ರಿಸ್ ಕರಾಬ್ಬಾ ಎಂಬಾತ ‘ಡ್ಯಾಶ್‌ಬೋರ್ಡ್ ಕನ್ಫೆಷನಲ್’ ಎಂಬ ಹೆಸರಿನಲ್ಲಿ ಒಂಟಿ ಗಿಟಾರು ಹಿಡಿದು ಪ್ರೇಮಭಂಗದ ಹಾಡು ಹಾಡತೊಡಗಿದ. 2002ರಲ್ಲಿ ಎಂಟಿವಿಗಾಗಿ ವಿದ್ಯುತ್ ವಾದ್ಯಗಳಿಲ್ಲದೆ ನಡೆಸಿದ ಕಾರ್ಯಕ್ರಮದಲ್ಲಿ ಕೇಳಲು ಬಂದವರೇ ಹಾಡುಗಳನ್ನು ಮೊದಲಿಂದ ಕೊನೆಯವರೆಗೆ ಹಾಡಿದರು. ಆತನ ದನಿಗಿಂತ ಅವರ ದನಿಯೇ ದೊಡ್ಡದಾಗಿತ್ತು. ಮರುವರ್ಷ, 2003ರಲ್ಲಿ, ಪೂರ್ಣ ರಾಕ್ ತಂಡದೊಂದಿಗೆ ಆತನ ಹೊಸ ಆಲ್ಬಂ ಬಂತು. ಹಳೆಯ ಅಭಿಮಾನಿಗಳಲ್ಲಿ ಕೆಲವರಿಗೆ ತಮ್ಮ ಆಪ್ತನೊಬ್ಬ ಪೇಟೆಯ ಪಾಲಾದಂತೆ ಅನಿಸಿತು.

ಅವರ ನೋವನ್ನು ಹಗುರವಾಗಿ ಕಾಣಬೇಕಿಲ್ಲ. ಮೆಲ್ಲಗೆ ಹಾಡುವವನು ನಮ್ಮೊಬ್ಬರಿಗೇ ಹೇಳುತ್ತಿದ್ದಾನೆ ಎಂಬ ನಂಬಿಕೆಯಿಂದ ಹಾಡು ಹತ್ತಿರವಾಗುತ್ತದೆ. ಸದ್ದು ದೊಡ್ಡದಾದೊಡನೆ ಅದು ಎಲ್ಲರ ಸ್ವತ್ತು. ನಮ್ಮಲ್ಲೂ ಅನಂತಸ್ವಾಮಿಯವರ ಪೆಟ್ಟಿಗೆಯ ಹಾಡನ್ನು ಮೆಚ್ಚಿದವರಿಗೆ ಅಶ್ವಥ್ ವಾದ್ಯವೃಂದ ಒಗ್ಗದೆ ಹೋದದ್ದು, ಅಶ್ವಥ್ ಅಭಿಮಾನಿಗಳಿಗೆ ರಾಕ್ ಶರೀಫ ಒಗ್ಗದೆ ಹೋದದ್ದು ಇದೇ ಕಾರಣಕ್ಕೆ.

ಉಳಿಯುವ ಪ್ರಶ್ನೆ

ಹಾಗಾದರೆ ಹಾಡು ಕೆಟ್ಟಿತೋ ಬೆಳೆಯಿತೋ ಎಂದು ಅಳೆಯುವ ಕೋಲು ಯಾವುದು? ವಾದ್ಯಗಳ ಎಣಿಕೆಯಿಂದ ಇದು ತೀರ್ಮಾನವಾಗದು ಎಂಬುದಕ್ಕೆ ಹಾರ್ಮೋನಿಯಂ ಕಥೆಯೇ ಸಾಕ್ಷಿ. ಹಾಡು ಮುಗಿದು, ಕರೆಂಟು ತೆಗೆದ ಮೇಲೆ ಕೇಳಿದವರ ಬಾಯಲ್ಲಿ ಅದು ಉಳಿಯುತ್ತದೆಯೇ ಎಂಬುದೇ ಸರಿಯಾದ ಅಳತೆ ಎಂದು ತೋರುತ್ತದೆ. ಅರಮನೆ ಮೈದಾನದಲ್ಲಿ ಜನ ಜೊತೆಗೆ ಹಾಡಿದ್ದು ವಾದ್ಯವೃಂದದ ಅಬ್ಬರಕ್ಕೆ ಮರುಳಾಗಿ ಎನ್ನಲಾಗದು. ಆ ಕವಿತೆಗಳನ್ನು ಅವರು ಮನೆಯಲ್ಲಿ, ಶಾಲೆಯಲ್ಲಿ, ಬಸ್ಸಿನಲ್ಲಿ ಮೊದಲೇ ಬಾಯಿಗೆ ತಂದುಕೊಂಡಿದ್ದರು.

ನಾಡಗೀತೆಯ ವಿಷಯದಲ್ಲಿ ನಡೆದ ದೀರ್ಘ ವಿವಾದದ ಹಿಂದೆಯೂ ಇದೇ ಪ್ರಶ್ನೆಯಿದೆ. ಕುವೆಂಪು ಅವರ ಕವಿತೆ 2004ರಲ್ಲಿ ನಾಡಗೀತೆಯಾಯಿತು. ಅದಕ್ಕೆ ಅನಂತಸ್ವಾಮಿ ಧಾಟಿಯೂ ಇತ್ತು, ಅಶ್ವಥ್ ಧಾಟಿಯೂ ಇತ್ತು. ಎರಡಕ್ಕೂ ಅಭಿಮಾನಿಗಳಿದ್ದರು. ಕೊನೆಗೆ 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕೆಂದು ಗೊತ್ತುಮಾಡಿತು. ವಿವಾದ ಹೈಕೋರ್ಟಿನವರೆಗೂ ಹೋಗಿ 2024ರಲ್ಲಿ ಸರ್ಕಾರದ ಆದೇಶ ಉಳಿಯಿತು. ಯಾವ ಧಾಟಿ ಹೆಚ್ಚು ಸುಂದರ ಎಂಬುದು ಅವರವರ ರುಚಿ. ಆದರೆ ವಾದ್ಯವೊಂದೂ ಇಲ್ಲದೆ ಹಳ್ಳಿ ಶಾಲೆಯ ಮಕ್ಕಳು ಹಾಡಬೇಕಾದ ಗೀತೆಗೆ ವೇದಿಕೆಯ ವೈಭವಕ್ಕಿಂತ ಬಾಯಿಗೆ ಸಿಗುವ ಗುಣ ಮುಖ್ಯ ಎಂಬುದನ್ನು ಅಲ್ಲಗಳೆಯುವುದು ಕಷ್ಟ.

ನಿಜವಾಗಿ ಚಿಂತಿಸಬೇಕಾದದ್ದು ಇನ್ನೊಂದಿದೆ. ಅಶ್ವಥ್ ವಾದ್ಯವೃಂದದಲ್ಲಿ ಮೂವತ್ತು ಜನರಿಗೆ ಕೆಲಸವಿತ್ತು. ರಾಕ್ ತಂಡದಲ್ಲಿ ಐದಾರು ಜನರಿದ್ದಾರೆ. ಇಂದು ಹಬ್ಬದ ವೇದಿಕೆಗಳಲ್ಲಿ ವಾದ್ಯದವರೇ ಇಲ್ಲದೆ, ಮುದ್ರಿತ ಟ್ರ್ಯಾಕಿಗೆ ದನಿಗೂಡಿಸುವುದು ಹೆಚ್ಚುತ್ತಿದೆ. ಖರ್ಚು ಕಡಿಮೆ, ಸದ್ದು ಮಾತ್ರ ಹಿಂದಿಗಿಂತ ದೊಡ್ಡದು. ಟ್ರ್ಯಾಕು ಯಾರಿಗಾಗಿಯೂ ನಿಲ್ಲುವುದಿಲ್ಲ, ಯಾರ ಕಣ್ಣನ್ನೂ ನೋಡುವುದಿಲ್ಲ. ಜೊತೆಗೆ ನುಡಿಸುವವರು ಇಲ್ಲವಾದರೆ ಕಲಿಯುವವರೂ ಇಲ್ಲವಾಗುತ್ತಾರೆ. ಭಜನೆಯ ಪೆಟ್ಟಿಗೆ ನುಡಿಸುವ ಹಿರಿಯರು ಮುಗಿದರೆ ಆ ಜಾಗಕ್ಕೆ ಬರುವವರು ಯಾರು?

ಅದಕ್ಕೆ ಉತ್ತರವೂ ಹತ್ತಿರದಲ್ಲೇ ಇದ್ದೀತು. ರಘು ದೀಕ್ಷಿತರ ಹಾಡು ಕೇಳಿ ಗಿಟಾರು ಕೊಂಡ ಹುಡುಗ ಶರೀಫರ ಪದಕ್ಕೆ ಬಂದು ನಿಂತರೆ, ಅವನನ್ನು ಭಜನೆಯ ಜಗುಲಿಗೆ ಕರೆದು ಕೂರಿಸಿಕೊಳ್ಳುವುದು ಕಷ್ಟದ ಕೆಲಸವೇನಲ್ಲ. ಪೆಟ್ಟಿಗೆಯನ್ನು ಒಳಗೆ ಬಿಟ್ಟುಕೊಂಡ ಜಗುಲಿ ಅದು. ಗಿಟಾರಿಗೂ ಅಲ್ಲಿ ಒಂದು ಮೂಲೆ ಸಿಕ್ಕೀತು. ಪಲ್ಲವಿಯನ್ನು ಮಾತ್ರ ಎಲ್ಲರೂ ಹೇಳಬೇಕು.